ಮಗಳು ಡಾಕ್ಟರಾಗುವ ತನಕ

"ಬುಟ್ಟಿ ಎತ್ತು ಮಗಾ" ಎಂದಳು ಸೋಮಿ. ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು. ಹರಿವೆ ಸೊಪ್ಪಿನ ಕಟ್ಟು, ಮೊಗೆಕಾಯಿ, ಒಂದಿಷ್ಟು ಬದನೆ. ಮುರ್ಡೇಶ್ವರದ ಪೇಟೆಗೆ ಹೋಗುವ ಬುಟ್ಟಿ ಎಂದಿನಷ್ಟೇ ಭಾರವಿತ್ತು. ಮೊದಲೆಲ್ಲ ಅದನ್ನು ತಾನೇ ಎತ್ತಿ ತಲೆಗಿಟ್ಟುಕೊಂಡು ಕಾಯ್ಕಿಣಿಯ ಗದ್ದೆಯ ಬದುವಿನ ಮೇಲೆ ಸರಸರ ನಡೆಯುತ್ತಿದ್ದ ಹೆಂಗಸು, ಈಚೆಗೆ ಎಡಗೈ ಮೇಲೆತ್ತುವುದನ್ನೇ ಬಿಟ್ಟಿದ್ದಳು. ಕೇಳಿದರೆ ವಾಯು ಎನ್ನುತ್ತಿದ್ದಳು.

ಸುಪ್ರಿಯಾ ಕಾಲೇಜಿನ ಚೀಲವನ್ನು ಜಗಲಿಯ ಮೇಲಿಟ್ಟು ಬಂದು ಬುಟ್ಟಿ ಎತ್ತಿದಳು. ಅಮ್ಮನಿಗೆ ಅಷ್ಟು ಹತ್ತಿರ ನಿಂತು ಬಹಳ ದಿನವಾಗಿತ್ತು. ಅರಿಸಿನದ ವಾಸನೆ ಬಂತು. ಅದರ ಅಡಿಯಿಂದ ಇನ್ನೊಂದು ವಾಸನೆಯೂ ಬಂತು. ನೋಡಿದರೆ ರವಕೆಯ ಎಡಬದಿ ಒದ್ದೆಯಾಗಿ ಹಳದಿಗಟ್ಟಿತ್ತು.

"ಅಮ್ಮಾ, ಎಂತ ಇದು?"

"ಬೆವರು. ಬಸ್ಸು ಬರೂ ಹೊತ್ತಾತು, ಬಿಡು."

"ಬೆವರಲ್ಲ ಇದು. ಒಳಗೆ ಬಾ, ನೋಡ್ತೆ."

ಸೋಮಿ ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು. "ಈಗ ಬ್ಯಾಡ. ನೀ ಡಾಕ್ಟರ್ ಆಗಿ ಬಾ, ನಿಂಗೇ ತೋರಸ್ತೆ. ಅದ್ಕೇ ಅಲ್ದಾ ಕಾಯ್ತಾ ಇದ್ದದ್ದು?"

ಸುಪ್ರಿಯಾ ಬುಟ್ಟಿಯನ್ನು ನೆಲಕ್ಕಿಟ್ಟಳು.

ಊರಿಗೆ ಯಾವಾಗಲೂ ಅವಸರ. ಸುಪ್ರಿಯಾ ಹೈಸ್ಕೂಲು ಮುಗಿಸುವ ಮೊದಲೇ ಅವಳನ್ನು ಡಾಕ್ಟರ್ ಮಾಡಿ ಕೂರಿಸಿತ್ತು. ನಿಜ ಹೇಳಬೇಕೆಂದರೆ, ಎಂಟನೇ ಕ್ಲಾಸಿನಲ್ಲಿ ವಿಜ್ಞಾನದ ಮಹಾಬಲ ಮಾಸ್ತರರು ರಕ್ತದ ಗುಂಪು ತೋರಿಸಲು ಬೆರಳಿಗೆ ಸೂಜಿ ಚುಚ್ಚಿದಾಗ ಇದೇ ಹುಡುಗಿ ತಲೆ ತಿರುಗಿ ಬೆಂಚಿನ ಮೇಲೆ ಬಿದ್ದಿದ್ದಳು. ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಆ ನಗುವಿಗೆ ಉತ್ತರ ಕೊಡಲೆಂದೇ ಅವಳು ಹಟ ಹಿಡಿದಳು. ಯಾರ ಮೊಣಕಾಲು ತರಚಿದರೂ ಓಡಿಹೋಗಿ ತೊಳೆದಳು, ಹಲ್ಲು ಕಚ್ಚಿಕೊಂಡು ಗಾಯ ನೋಡಿದಳು. ಒಂಬತ್ತಕ್ಕೆ ಬರುವಾಗ ಕೇರಿಯ ಹೆಂಗಸರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುವವಳು ಅವಳೇ, ಯಾವ ಗುಳಿಗೆ ಊಟದ ಮೊದಲು, ಯಾವುದು ಆಮೇಲೆ ಎಂದು ಹೇಳುವವಳೂ ಅವಳೇ. ಬಾಯಿ ಬಿಡದ ಹುಡುಗಿ ಹತ್ತನೇ ಕ್ಲಾಸಿನಲ್ಲಿ ಭಟ್ಕಳದ ವೇದಿಕೆ ಹತ್ತಿ, ಹೆಂಗಸರು ಕಾಯಿಲೆಯನ್ನು ಮುಚ್ಚಿಡಬಾರದು ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿದಳು. ಮೊದಲ ಬಹುಮಾನ ಬಂತು. ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸೋಮಿ. ಬಹುಮಾನದ ಆ ಸ್ಟೀಲ್ ತಟ್ಟೆಯಲ್ಲೇ ಸುಪ್ರಿಯಾ ಇವತ್ತಿಗೂ ಉಣ್ಣುತ್ತಾಳೆ.

ಪಿಯುಸಿಗೆ ಸೇರಿದ ಮೇಲೆ ಸೋಮಿ ಆಗಾಗ ಕೇಳುವುದಿತ್ತು, "ಇನ್ನೆಷ್ಟು ವರ್ಷ ಬೇಕೆ?" ನೀಟ್ ಬರೆಯಬೇಕು, ಸೀಟು ಸಿಗಬೇಕು, ಸಿಕ್ಕಿದರೂ ಐದಾರು ವರ್ಷ ಎಂದರೆ ಅವಳ ಮುಖ ಸಣ್ಣದಾಗುತ್ತಿತ್ತು. ಮದುವೆಯ ಚಿಂತೆ ಇರಬೇಕೆಂದು ಸುಪ್ರಿಯಾಳಿಗೆ ಸಿಟ್ಟು ಬರುತ್ತಿತ್ತು. "ನಿಂಗೆ ಎಂತಕ್ಕೆ ಅಷ್ಟು ಗಡಿಬಿಡಿ?" ಎಂದು ರೇಗುತ್ತಿದ್ದಳು. ಸೋಮಿ ಒಲೆಯ ಕಡೆ ತಿರುಗುತ್ತಿದ್ದಳು.

ಈಗ ಅಂಗಳದಲ್ಲಿ ನಿಂತು, ಬಸ್ಸು ತಪ್ಪಿದ ಮೇಲೆ, ಸೋಮಿ ಒಂದೊಂದೇ ಮಾತು ಬಿಟ್ಟಳು. ಮೊದಲೇ ಒಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗಿದ್ದಳಂತೆ. ಅಲ್ಲಿ ಗಂಡಸು ಡಾಕ್ಟರು. ತಲೆನೋವು ಎಂದು ಸುಳ್ಳು ಹೇಳಿ ಗುಳಿಗೆ ತೆಗೆದುಕೊಂಡು ಬಂದಳಂತೆ.

"ಅವತ್ತು ನೀನೇ ಹೇಳ್ದೆ ಅಲ್ದಾ, ನಾ ಡಾಕ್ಟರ್ ಆದ್ಮೇಲೆ ನೀ ಯಾರ ಎದ್ರೂ ನಾಚ್ಕೊಳ್ಳೂದು ಬ್ಯಾಡ, ನಾನೇ ನೋಡ್ತೆ ಅಂದೇಳಿ. ನೋವೂ ಇರ್ಲಿಲ್ಲ. ತಡೀತದೆ ಅಂದ್ಕಂಡೆ."

"ಅಪ್ಪಂಗಾದ್ರೂ ಹೇಳೂಕಾಗ್ಲಿಲ್ವಾ?"

"ಅವ್ರಿಗೆ ಹೇಳಿ ಎಂತ ಮಾಡೂದು?"

ಎಂಟನೇ ಕ್ಲಾಸಿನ ಹುಡುಗಿ ಜಂಬಕ್ಕೆ ಆಡಿದ ಮಾತು ಅದು. ಸುಪ್ರಿಯಾಳಿಗೆ ಅದರ ನೆನಪೂ ಇರಲಿಲ್ಲ. ಊರ ಹೆಂಗಸರನ್ನೆಲ್ಲ ಕೈಹಿಡಿದು ಆಸ್ಪತ್ರೆಗೆ ನಡೆಸಿದವಳಿಗೆ ಒಂದೇ ಸೂರಿನಡಿ ಮಲಗುವ ಅಮ್ಮ ಕಾಣಿಸಿರಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅಮ್ಮನ ಮೇಲೂ ಸಿಟ್ಟು ಬಂತು, ಹೊಡೆದುಬಿಡಬೇಕು ಅನ್ನಿಸುವಷ್ಟು.

ಅಪ್ಪ ಮಾಸ್ತಿ ತೆಂಗಿನಗುಂಡಿ ಬಂದರಿನಿಂದ ಮೀನಿನ ಬೋಟಿನ ಮೇಲೆ ಹೋದವನು ಇನ್ನೂ ತಿರುಗಿರಲಿಲ್ಲ. ಅವನನ್ನು ಕಾಯುವ ತಾಳ್ಮೆ ಅವಳಿಗೆ ಇರಲಿಲ್ಲ. ಹರಿವೆಯನ್ನು ಅಂಗಳದಲ್ಲೇ ಬಾಡಲು ಬಿಟ್ಟು ಅಮ್ಮನನ್ನು ಹೊನ್ನಾವರದ ಬಸ್ಸು ಹತ್ತಿಸಿದಳು. ಅಲ್ಲಿಯ ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರು ಇದ್ದರು. ಇನ್ನೂ ಎಳೆಯ ವಯಸ್ಸು.

"ಎದೆಯಲ್ಲಿ ಈ ಗಂಟು ಯಾವಾಗಿಂದ ಇದೆ?" ಎಂದು ಕೇಳಿದರು ಅವರು.

ಸೋಮಿ ಸಂಕೋಚವಿಲ್ಲದೆ ಹೇಳಿದಳು, ಹಲವು ಸಲ ಮನಸ್ಸಿನಲ್ಲೇ ಹೇಳಿಕೊಂಡವಳ ಹಾಗೆ. "ಇವ್ಳು ಎಂಟನೇತಿ ಇರೂವಾಗ ಹುಣಸೆ ಬೀಜದಷ್ಟು ಇತ್ತು. ಒಂಬತ್ತನೇತಿ ಅಡಕೆಯಷ್ಟು ಆತು. ಹತ್ತನೇತಿ ಪಾಸಾಗೂವಾಗ ಲಿಂಬೆಹಣ್ಣು. ಕಾಲೇಜಿಗೆ ಹೋದ್ಮೇಲೆ ಒಡೀತು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಸುಪ್ರಿಯಾಳನ್ನು ನೋಡಿದರು. "ನೀವು ಏನು ಓದ್ತಾ ಇದ್ದೀರಿ?"

ಸುಪ್ರಿಯಾ ಅಮ್ಮನ ಕಡೆ ತಿರುಗಿದಳು.

"ಡಾಕ್ಟರಿಗೆ" ಎಂದಳು ಸೋಮಿ.

ಡಾಕ್ಟರು ಪರದೆ ಎಳೆದರು. "ನೀವು ಸ್ವಲ್ಪ ಹೊರಗೆ ಇರಿ" ಎಂದರು ಸುಪ್ರಿಯಾಳಿಗೆ.

"ಬ್ಯಾಡ, ಅವ್ಳು ಇರ್ಲಿ. ಅವ್ಳೇ ನೋಡೂದಿತ್ತು."

ಬಲಗೈಯೊಂದರಿಂದಲೇ ರವಕೆಯ ಹುಕ್ಕು ಬಿಚ್ಚಿ, ಅರಿಸಿನ ಮೆತ್ತಿದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿ, ಸೋಮಿ ಮಂಚದ ಮೇಲೆ ಮಲಗಿದಳು. ಸುಪ್ರಿಯಾ ನೋಡಿದಳು. ಬೀಳಲಿಲ್ಲ. ಡಾಕ್ಟರು ಕೈಗವಸು ಹಾಕಿಕೊಂಡು ಒತ್ತಿ ನೋಡಿದರು, ಕಂಕುಳಲ್ಲಿ ನೋಡಿದರು, ಕುತ್ತಿಗೆಯ ಬುಡದಲ್ಲೂ ನೋಡಿದರು. ಅಷ್ಟೂ ಹೊತ್ತು ಸೋಮಿ ಡಾಕ್ಟರ ಕಡೆ ಒಂದು ಸಲವೂ ತಿರುಗಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದಳು.

"ನಾಳೆಯೇ ಮಣಿಪಾಲಕ್ಕೆ ಹೋಗಿ" ಎಂದು ಡಾಕ್ಟರು ಸಣ್ಣ ದನಿಯಲ್ಲಿ ಹೇಳಿ, ಕೈ ತೊಳೆಯಲು ಮೂಲೆಯ ನಲ್ಲಿಯ ಕಡೆ ಹೋದರು.

"ಎಂತ ಅನ್ನಿಸ್ತು ಮಗಾ?" ಎಂದು ಕೇಳಿದಳು ಸೋಮಿ. "ಗುಣ ಆಗ್ತದಲ್ಲಾ?"

ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ಹ್ಞೂಂ" ಎಂದಳು ಸುಪ್ರಿಯಾ.

"ಹಂಗಾರೆ ಆತು" ಎಂದು ಸೋಮಿ ಎದ್ದು ಕೂತಳು. ಹುಕ್ಕುಗಳನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳತೊಡಗಿದಳು. ಕೆಳಗಿನದು ಎಷ್ಟು ಮಾಡಿದರೂ ಕೂಡಲಿಲ್ಲ. ಸುಪ್ರಿಯಾ ಬಗ್ಗಿ ಅದನ್ನು ಹಾಕಿ, ಸೆರಗು ಸರಿಮಾಡಿದಳು.