ಎತ್ತಿಟ್ಟ ಕುದುರೆ

ಆ ಶನಿವಾರ ಮಧ್ಯಾಹ್ನ ಮಿಸೆಸ್ ಗ್ಯಾಡ್ಸ್‌ಬಿಯ ಕಾಫಿ ಕೋಣೆಗೆ ಬಂದಾಗ ಆಂಬ್ರೋಸ್ ಥರ್ಕೆಲ್ ತಮ್ಮ ಕಪ್ಪು ಕೋಟು ತೊಟ್ಟಿದ್ದರು. ಹಿಂದೆ ದೊಡ್ಡ ಪಂದ್ಯಗಳಿಗೆಂದೇ ಹೊಲಿಸಿದ್ದ ಕೋಟು ಅದು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದರಿಂದ ತೋಳಿನ ಮಡಿಕೆ ಇಸ್ತ್ರಿಗೂ ಬಗ್ಗಿರಲಿಲ್ಲ. ಕರ್ಪೂರದ ವಾಸನೆ ಬೇರೆ.

ಹಲ್ಲಿನ ವೈದ್ಯ ಪ್ಯಾಸ್ಕೋ ಪೈಪನ್ನು ಬಾಯಿಂದ ತೆಗೆದು ಮೇಲಿಂದ ಕೆಳಗೆ ನೋಡಿದ. "ಏನಪ್ಪಾ ಥರ್ಕೆಲ್, ಮದುವೆಗೋ, ಮಣ್ಣಿಗೋ?"

"ಸಂಜೆ ಹೊತ್ತಿಗೆ ಗೊತ್ತಾಗುತ್ತೆ," ಎಂದು ಥರ್ಕೆಲ್ ಒಲೆಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕುಳಿತರು.

ವಸಂತದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚದುರಂಗದ ದೊಡ್ಡ ಪಂದ್ಯಾವಳಿ ನಡೆಯುವುದಿತ್ತು. ವಿಯೆನ್ನಾ, ಬರ್ಲಿನ್‌ಗಳಿಂದೆಲ್ಲ ಆಟಗಾರರು ಬರುವವರಿದ್ದರು. ಒಂದು ಸ್ಥಾನ ಮಾತ್ರ ಇನ್ನೂ ತುಂಬಿರಲಿಲ್ಲ. ಅದು ಯಾರಿಗೆ ಎಂದು ಹೇಳುವ ಅಧಿಕಾರ ಸೈಲಸ್ ವೆಂಡೋವರನಿಗಿತ್ತು. ಈಗ ದೇಶದಲ್ಲೇ ಅವನನ್ನು ಮೀರಿಸಿದ ಆಟಗಾರನಿರಲಿಲ್ಲ. ಹಿಂದಿನ ವಾರ ಅವನೇ ಬಂದು, ಟೋಪಿ ಕೈಯಲ್ಲಿ ಹಿಡಿದು, ಇದೇ ಕುರ್ಚಿಯ ಮುಂದೆ ನಿಂತಿದ್ದ.

"ನನ್ನ ಜೊತೆ ಒಂದಾಟ ಆಡಿ ಸಾರ್. ಸರಿಸಮ ಆಟ. ಗೆಲ್ಲಲೇಬೇಕು ಅಂತ ಇಲ್ಲ. ನನ್ನೆದುರು ಗಟ್ಟಿಯಾಗಿ ನಿಂತ್ರೆ ಸಾಕು, ನಿಮ್ಮ ಹೆಸರು ಸೇರಿಸ್ತೀನಿ. ಸಮಿತಿಯೋರಿಗೆ ಏನಾದ್ರೂ ತೋರಿಸ್ಬೇಕಲ್ಲ."

ಸರಿಸಮ. ವಾರವೆಲ್ಲ ಆ ಮಾತು ಥರ್ಕೆಲ್ಲರ ಎದೆಯಲ್ಲಿ ಬೆಚ್ಚಗೆ ಕೂತಿತ್ತು.

ಆ ಕೋಣೆಯಲ್ಲಿ ಸರಿಸಮ ಆಟ ಅಪರೂಪ. ಶಿಲಿಂಗು ಕೊಟ್ಟು ಚದುರಂಗದ ಮಾಸ್ಟರರೊಡನೆ ಆಡಲು ಬರುವ ವಕೀಲರಿಗೆ, ಪಾದ್ರಿಗಳಿಗೆ ಮಾಸ್ಟರ್ ತಮ್ಮದೊಂದು ಕಾಯಿಯನ್ನು ಮೊದಲೇ ಬಿಟ್ಟುಕೊಡುವುದು ಪದ್ಧತಿ. ಹೊಸಬರಿಗೆ ರಾಣಿಯನ್ನು, ಸುಮಾರಾದವರಿಗೆ ಆನೆಯನ್ನು, ಪ್ಯಾಸ್ಕೋನಂತೆ ಪಳಗಿದವರಿಗೆ ಎಡಗಡೆಯ ಕುದುರೆಯನ್ನು. ಕಾಯಿ ಜೋಡಿಸಿ, ಅದನ್ನು ಎತ್ತಿ ಪಕ್ಕಕ್ಕಿಟ್ಟು, ಬಿಳಿ ಕಾಯಿಗಳಿಂದ ಮೊದಲ ನಡೆ ನಡೆಸುವುದು. ಆ ಕೋಣೆಯ ಮಾಸ್ಟರಾಗಿ ಥರ್ಕೆಲ್ ಹದಿನೈದು ವರ್ಷ ಹೀಗೇ ಆಡಿದ್ದರು.

ಅದಕ್ಕೂ ಮೊದಲು ಬೇರೆಯೇ ಒಂದು ಕಾಲವಿತ್ತು. ಲಡ್ಲೋ ಊರಿನ ಗಡಿಯಾರ ರಿಪೇರಿಯವನ ಮಗ ಥರ್ಕೆಲ್, ಇಪ್ಪತ್ತನಾಲ್ಕನೇ ವಯಸ್ಸಿಗೆ ವಿಯೆನ್ನಾದ ಹೆಸರಾಂತ ಆಟಗಾರನನ್ನು ಸೋಲಿಸಿದ್ದ. ನ್ಯೂಕಾಸಲ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆರು ಮಂದಿಯ ಜೊತೆ ಒಮ್ಮೆಗೇ ಆಡಿದಾಗ, ಕಲ್ಲಿದ್ದಲು ಗಣಿಯವರು ಅವನನ್ನು ಹೆಗಲ ಮೇಲೆ ಹೊತ್ತು ರೈಲಿನವರೆಗೆ ತಂದಿದ್ದರು. ಮಾರ್ಜರಿ ರೈಲಿನ ಕಿಟಕಿಯಿಂದ ಬಗ್ಗಿ, "ಇಳಿಸ್ರಪ್ಪಾ, ನನ್ನ ಗಂಡನ್ನ ನನಗೆ ಕೊಡಿ," ಎಂದು ನಕ್ಕಿದ್ದಳು. ಆಮೇಲೆ ಅವಳ ಎದೆಗೂಡಿಗೆ ಕಾಯಿಲೆ ಹತ್ತಿತು. ಸಮುದ್ರದ ಗಾಳಿ ಬೇಕೆಂದು ವೈದ್ಯರು ಹೇಳಿದರು, ಥರ್ಕೆಲ್ ಪಂದ್ಯಗಳನ್ನೆಲ್ಲ ಬಿಟ್ಟು ಅವಳ ಜೊತೆ ದಕ್ಷಿಣದ ತೀರಕ್ಕೆ ಹೋದರು. ಅವಳನ್ನು ಅಲ್ಲೇ ಮಣ್ಣು ಮಾಡಿ ಒಬ್ಬರೇ ಲಂಡನ್ನಿಗೆ ಮರಳಿದಾಗ ಹೊಸ ಹುಡುಗರ ಹೆಸರುಗಳು ಪತ್ರಿಕೆ ತುಂಬಿದ್ದವು. ಇವರಿಗೆ ಸಿಕ್ಕಿದ್ದು ಒಲೆಯ ಪಕ್ಕದ ಈ ಕುರ್ಚಿ.

ವೆಂಡೋವರ್ ಆಗ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ, ತೋಳಿನ ತುದಿಯಲ್ಲಿ ಸದಾ ಮಸಿ. ಮೂರು ಚಳಿಗಾಲ ಥರ್ಕೆಲ್ಲರಿಂದ ಕುದುರೆ ಪಡೆದೇ ಆಡಿದ, ಸೋತ, ಕಲಿತ. ಸರಿಸಮ ಕೂರುವಷ್ಟು ಬಲ ಬರುವ ಹೊತ್ತಿಗೆ ಪ್ಯಾರಿಸ್ಸಿಗೆ ಹೊರಟುಹೋದ, ಹೆಸರು ಮಾಡಿದ ಮೇಲೇ ಮರಳಿದ. ಹಾಗಾಗಿ ಗುರುಶಿಷ್ಯರು ಪೂರ್ತಿ ಹಲಗೆಯ ಮೇಲೆ ಒಮ್ಮೆಯೂ ಎದುರಾಗಿರಲಿಲ್ಲ.

ವೆಂಡೋವರ್ ಬಂದ. ಹೊರಗೆ ಮಂಜು ದಟ್ಟೈಸಿ ಹಗಲಲ್ಲೇ ದೀಪ ಹಚ್ಚಿದ್ದರು. ಚೀಟಿ ಎತ್ತಿದಾಗ ಬಿಳಿ ಕಾಯಿಗಳು ಥರ್ಕೆಲ್ಲರಿಗೆ ಬಂದವು. ಅವರು ಕಾಯಿಗಳನ್ನು ಜೋಡಿಸಿದರು. ಸುತ್ತ ಕುರ್ಚಿ ಎಳೆಯುವ ಸದ್ದು. ಮಿಸೆಸ್ ಗ್ಯಾಡ್ಸ್‌ಬಿ ಕಾಫಿ ತಂದಿಟ್ಟಳು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ತಳ್ಳಿದರೋ ಇಲ್ಲವೋ, ಅಳುಕು ಕಳೆದುಹೋಯಿತು. ಹಲಗೆ ತೀರಾ ಪರಿಚಯದ ಬೀದಿಯಂತೆ ಕಂಡಿತು. ಇಷ್ಟು ವರ್ಷ ಹೆದರಿದ್ದೇ ಸುಳ್ಳೇನೋ ಎನ್ನಿಸಿತು.

ವೆಂಡೋವರ್ ಹಲಗೆಯನ್ನು ನೋಡಿದ. ಆಮೇಲೆ ಅವರ ಮುಖ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದು, ಮುಚ್ಚಿ, ತನ್ನ ಕಾಲಾಳನ್ನು ನಡೆಸಿದ.

ಪ್ಯಾಸ್ಕೋಗೆ ಕೆಮ್ಮು ಹತ್ತಿತು. ಎರಡನೇ ನಡೆಗೆ ಇನ್ನೂ ಜೋರಾಯಿತು.

"ಮಿಸ್ಟರ್ ಪ್ಯಾಸ್ಕೋ, ಕೆಮ್ಮೋದಿದ್ರೆ ಅಡುಗೆಮನೇಲಿ ಕೆಮ್ಮಿ," ಎಂದಳು ಮಿಸೆಸ್ ಗ್ಯಾಡ್ಸ್‌ಬಿ. ಆಟ ನಡೆಯುವಾಗ ನೋಡುವವರು ತುಟಿ ಬಿಚ್ಚುವಂತಿರಲಿಲ್ಲ. ಬಿಚ್ಚಿದವರು ವಾರವಿಡೀ ಕೋಣೆಯಿಂದ ಹೊರಗೆ. ಪ್ಯಾಸ್ಕೋ ಪೈಪನ್ನು ಕಚ್ಚಿ ಹಿಡಿದು ಸೂರು ನೋಡತೊಡಗಿದ.

ಐದನೇ ನಡೆ ಮುಗಿಸಿ ಥರ್ಕೆಲ್ ಕಾಫಿಗೆ ಕೈ ಚಾಚಿದರು. ತಟ್ಟೆಯ ಪಕ್ಕದಲ್ಲಿ ಒಂದು ಬಿಳಿ ಕುದುರೆ ನಿಂತಿತ್ತು.

ಇನ್ನೂ ಯಾರೂ ಯಾರ ಕಾಯಿಯನ್ನೂ ಹೊಡೆದಿರಲಿಲ್ಲ. ಅವರು ಹಲಗೆಯ ಎಡ ಮೂಲೆಯನ್ನು ನೋಡಿದರು. ಆನೆಯ ಪಕ್ಕದ ಮನೆ ಬರಿದಾಗಿತ್ತು. ಕಾಯಿ ಜೋಡಿಸಿದ ಕೈಯೇ, ಯಾರ ಅಪ್ಪಣೆಯನ್ನೂ ಕೇಳದೆ, ದಿನಾ ಮಾಡುವಂತೆ ಕುದುರೆಯನ್ನು ಎತ್ತಿ ಇಟ್ಟುಬಿಟ್ಟಿತ್ತು.

ಕಿವಿ ಬಿಸಿಯಾದವು. "ನೀನು ನೋಡ್ಲಿಲ್ವೇನಯ್ಯಾ?" ಎಂದರು ಮೆಲ್ಲಗೆ.

"ನೋಡ್ದೆ ಸಾರ್."

"ಮತ್ತೆ?"

ವೆಂಡೋವರ್ ಮೀಸೆಯ ತುದಿ ತಿರುವಿದ. "ಮೊದಲು ಸಿಟ್ಟು ಬಂತು. ಇನ್ನೂ ನನ್ನನ್ನ ಗುಮಾಸ್ತ ಅಂತಾನೇ ತಿಳ್ಕೊಂಡಿದಾರೆ ಅಂತ. ಆಮೇಲೆ ನಿಮ್ಮ ಮುಖ ನೋಡ್ದೆ, ಬೇಕಂತ ಮಾಡಿದ್ದಲ್ಲ ಅಂತ ಗೊತ್ತಾಯ್ತು. ಆಗ್ಲೇ ಹೇಳ್ಬೇಕಿತ್ತು. ಆದ್ರೆ ಸಾರ್, ಪ್ಯಾರಿಸ್ಸಲ್ಲಿ ನನಗೆ ಯಾರು ಕುದುರೆ ಬಿಟ್ಟುಕೊಡ್ತಾರೆ ಹೇಳಿ. ಹಳೇ ಚಳಿಗಾಲ ನೆನಪಾಯ್ತು, ಇನ್ನೊಂದು ನಡೆ ನೋಡೋಣ, ಇನ್ನೊಂದು ನೋಡೋಣ ಅಂತ ಕೂತುಬಿಟ್ಟೆ." ಅವನು ಹಲಗೆಯ ಕಡೆ ಕೈ ನೀಡಿದ. "ಹೊಸದಾಗಿ ಶುರು ಮಾಡೋಣ."

"ನಾಲ್ಕು ನಡೆ ದಾಟಿದೆ."

ಕಾಯಿ ತಪ್ಪಾಗಿ ಜೋಡಿಸಿದ್ದರೆ ನಾಲ್ಕನೇ ನಡೆಯೊಳಗೆ ಸರಿಪಡಿಸಬಹುದು, ದಾಟಿದ ಮೇಲೆ ಇದ್ದಂತೆ ಆಡಬೇಕು. ಈ ನಿಯಮವನ್ನು ಆ ಕೋಣೆಯಲ್ಲಿ ಎಲ್ಲರಿಗೂ ಕಲಿಸಿದವರೇ ಥರ್ಕೆಲ್.

"ನಮ್ಮಿಬ್ಬರ ಮಧ್ಯೆ ಎಂಥ ನಿಯಮ ಸಾರ್."

"ನಮ್ಮಿಬ್ಬರ ಮಧ್ಯೆ ಇರೋದೇ ಅದು ಕಣಯ್ಯಾ. ಆಡು."

ಆಡಿದರು. ಥರ್ಕೆಲ್ ತಮಗೆ ಗೊತ್ತಿದ್ದುದನ್ನೆಲ್ಲ ಬಿಚ್ಚಿದರು. ಕಾಯಿ ಕಡಿಮೆ ಇದ್ದವನು ಮೆಲ್ಲಗೆ ಕಟ್ಟುತ್ತ ಕೂರುವಂತಿಲ್ಲ. ಎದುರಾಳಿಗೆ ಉಸಿರಾಡಲು ಬಿಡದೆ ರಾಜನ ಬಾಗಿಲು ಬಡಿಯುತ್ತಿರಬೇಕು. ಒಂಟೆಯನ್ನು ಬಲಿ ಕೊಟ್ಟರು. ವೆಂಡೋವರ್ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ, ಹಣೆ ಒರೆಸಿಕೊಂಡ. ಒಂದು ನಡೆಗೆ ಅವನು ಎಷ್ಟು ಹೊತ್ತು ಯೋಚಿಸಿದನೆಂದರೆ ಮಿಸೆಸ್ ಗ್ಯಾಡ್ಸ್‌ಬಿ ಅಲ್ಲೇ ನಿಂತು, ಕೈಯಲ್ಲಿದ್ದ ತಟ್ಟೆಯನ್ನೇ ಮರೆತಳು. ಆದರೆ ಅವನು ದಾರಿ ಕಂಡುಕೊಂಡ. ಕಾಯಿಗಳು ಒಂದೊಂದಾಗಿ ಕರಗಿದವು. ಕೊನೆಗೆ ಥರ್ಕೆಲ್ ತಮ್ಮ ರಾಜನನ್ನು ಬೆರಳಿನಿಂದ ಮೆಲ್ಲಗೆ ಮಲಗಿಸಿದರು.

"ಆ ಒಂಟೆ ಬಂದಾಗ ನಾನು ಸತ್ತೆ ಅಂದ್ಕೊಂಡೆ," ಎಂದ ವೆಂಡೋವರ್. "ಕುದುರೆ ಒಂದಿದ್ದಿದ್ರೆ ನಿಜವಾಗ್ಲೂ ಸತ್ತೇ ಹೋಗ್ತಿದ್ದೆ. ಸಮಿತಿಯೋರಿಗೆ ನಾನು ಹೇಳ್ತೀನಿ. ನಿಮ್ಮ ಹೆಸರು ಇರುತ್ತೆ."

ಪ್ಯಾಸ್ಕೋಗೆ ಈಗ ಬಾಯಿ ಬಿಡುವ ಹಕ್ಕು ಬಂದಿತ್ತು. "ಹೋಗಪ್ಪಾ, ಆ ಕೋಟಿಗಾದ್ರೂ ಊರು ತೋರಿಸು."

ಥರ್ಕೆಲ್ ನಕ್ಕರು. ಮನಸ್ಸಿನಲ್ಲಿ ಅವರು ಬರ್ಮಿಂಗ್‌ಹ್ಯಾಮಿನ ಸಭಾಂಗಣಕ್ಕೆ ಹೋಗಿಬಂದರು. ಗಡಿಯಾರಗಳ ಟಿಕ್ ಟಿಕ್, ಎದುರಿಗೆ ಗೊತ್ತಿಲ್ಲದ ಮುಖ, ಬಿಳಿ ಕಾಯಿಗಳ ಸಾಲು. ಸೋಲಿನ ಹೆದರಿಕೆ ಅವರಿಗೆ ಇರಲಿಲ್ಲ. ಸೋತು ಅಭ್ಯಾಸವಿತ್ತು.

"ಬೇಡ ಸೈಲಸ್," ಎಂದರು. "ಬೇರೆಯವರ ಹೆಸರು ಹಾಕು."

"ಒಂದು ಕೈಮರೆವಿಗೆ ಇಷ್ಟು ದೊಡ್ಡ ಶಿಕ್ಷೆಯೇ ಸಾರ್?"

"ಕೈ ಮರೆತದ್ದಕ್ಕಲ್ಲ. ಕಣ್ಣು ಮರೆತದ್ದಕ್ಕೆ. ಐದು ನಡೆ ಆಡಿದೆ. ಆ ಮನೆ ಖಾಲಿ ಅಂತ ನನಗೆ ಅನ್ನಿಸ್ಲೇ ಇಲ್ಲ. ನನಗೆ ಈಗ ಪೂರ್ತಿ ಹಲಗೆ ಅಂದ್ರೆ ಆ ಕುದುರೆ ಇಲ್ಲದ್ದೇ. ಕುದುರೆ ಇಟ್ಟು ಕೂರಿಸಿದ್ರೆ ಅದೇ ಜಾಸ್ತಿ ಅನ್ಸುತ್ತೆ, ಎಲ್ಲಿ ಓಡಿಸ್ಬೇಕು ಗೊತ್ತಾಗಲ್ಲ." ಹೇಳುತ್ತಿದ್ದಂತೆ ತಮ್ಮ ದನಿಯಲ್ಲಿ ನೋವಿಗಿಂತ ಹೆಚ್ಚಾಗಿ ಅಚ್ಚರಿ ಇರುವುದು ಅವರಿಗೇ ಕೇಳಿಸಿತು. "ಎರಡೂ ಕುದುರೆಯ ಆ ಇನ್ನೊಂದು ಆಟ ಹಿಂದೆ ಚೆನ್ನಾಗಿ ಆಡ್ತಿದ್ದೆ ಕಣಯ್ಯಾ. ನೀನು ನೋಡ್ಲಿಲ್ಲ."

"ನ್ಯೂಕಾಸಲ್ ಬಗ್ಗೆ ಹೇಳಿದ್ರಿ ಒಂದ್ಸಲ."

"ಒಂದ್ಸಲ? ನಮಗೆಲ್ಲ ಬಾಯಿಪಾಠ," ಎಂದ ಪ್ಯಾಸ್ಕೋ.

ವೆಂಡೋವರ್ ಹೊರಡಲಿಲ್ಲ. ಕಳಚಿಟ್ಟ ಕೋಟು ಹಾಗೇ ಇತ್ತು. ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಕಾಯಿಗಳನ್ನು ಒಂಟೆ ಬಲಿಯಾಗುವ ಮುಂಚಿನ ಸ್ಥಿತಿಗೆ ನಿಧಾನವಾಗಿ ಜೋಡಿಸತೊಡಗಿದ.

"ಸರಿ, ಇಲ್ಲಿ ನಾನು ಕಾಲಾಳಿನಿಂದ ಹೊಡೆದಿದ್ರೆ ಏನ್ ಮಾಡ್ತಿದ್ರಿ?"

ಥರ್ಕೆಲ್ ಮುಂದಕ್ಕೆ ಬಾಗಿದರು. "ಹೊಡಿ ನೋಡೋಣ," ಎಂದರು.