ಪೆಟ್ಟಿಗೆಯಲ್ಲಿಲ್ಲದ ಸಿ.ಡಿ.

ಮೋಹನದಾಸ ಮೂರನೆಯ ಸಲವೂ ಫೋನ್ ಕಟ್ ಮಾಡಿದಾಗ ಊರ್ಮಿಳಾ ಒಂದು ದಿನದ ರಜೆಯ ಅರ್ಜಿ ಬರೆದು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟಳು.

2010ರ ಜನವರಿ. ಊರ್ಮಿಳಾ ಬಾಗಲಕೋಟೆ ಕಡೆಯವಳು. ಗಂಡನಿಗೆ ಮರಾಠಿ ನಾಡಿನ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅವಳು ಅಲ್ಲೇ ಹತ್ತಿರದ ನಿಫಾಡ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಶಾಲೆಯ ಆರೂ ಕಂಪ್ಯೂಟರಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದು ಅವಳೇ. ಸ್ಕ್ಯಾನರ್ ತರಿಸುವಾಗಲೂ ಔರಂಗಾಬಾದಿನ ಅಂಗಡಿಯವನಾದ ಈ ಮೋಹನದಾಸನಿಂದ ‘ಲಿನಕ್ಸ್‌ನಲ್ಲಿ ನಡೆಯುತ್ತದೆ’ ಎಂದು ಬರೆಸಿಕೊಂಡಿದ್ದಳು.

ನಡೆಯಲಿಲ್ಲ. ವೈರು ಚುಚ್ಚಿದರೆ ಕಂಪ್ಯೂಟರ್ ಸ್ಕ್ಯಾನರಿನ ಹೆಸರು ತೋರಿಸುತ್ತಿತ್ತು, ಅಷ್ಟೇ. ದೀಪ ಕೂಡ ಹತ್ತುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಸುವ ತಂತ್ರಾಂಶ ಬರೆಯುವವರ ಮೇಲಿಂಗ್ ಲಿಸ್ಟ್‌ಗೆ ಅವಳು ಇ-ಮೇಲ್ ಹಾಕಿದಳು. ಮರುದಿನವೇ ಯಾರೋ ಉತ್ತರಿಸಿದರು: ‘ಈ ಸ್ಕ್ಯಾನರಿಗೆ ಸ್ವಂತ ಬುದ್ಧಿ ಇಲ್ಲ. ಶುರುಮಾಡಿದಾಗಲೆಲ್ಲ ಕಂಪ್ಯೂಟರ್ ಅದಕ್ಕೊಂದು ಸಣ್ಣ ಫೈಲ್ ಕೊಡಬೇಕು. ಅದು ಪೆಟ್ಟಿಗೆಯಲ್ಲಿ ಬರುವ ಸಿ.ಡಿ.ಯಲ್ಲಿದೆ, ನಕಲು ಮಾಡಿ ಹಾಕಿಕೊಳ್ಳಿ. ನಾನೇ ಕಳಿಸುತ್ತಿದ್ದೆ, ಆದರೆ ಹಂಚಲು ಕಂಪನಿಯವರ ಅನುಮತಿ ಇಲ್ಲ.’

ಪೆಟ್ಟಿಗೆಯಲ್ಲಿ ಸಿ.ಡಿ. ಇರಲಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲೇ ಇರಲಿಲ್ಲ. ನಲವತ್ತೊಂದು ಹುಡುಗಿಯರು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರುವವರಿದ್ದರು. ಅವರ ಫೋಟೋ, ದಾಖಲೆಗಳನ್ನು ಸ್ಕ್ಯಾನ್ ಮಾಡಿ ಶನಿವಾರದೊಳಗೆ ಕಳಿಸಬೇಕಿತ್ತು. ಮೂಲ ದಾಖಲೆಗಳು ಶಾಲೆಯ ಹೊಸ್ತಿಲು ದಾಟಕೂಡದೆಂದು ಹೆಡ್‌ಮಾಸ್ತರರು ಹೇಳಿದ್ದರಿಂದ ಸೈಬರ್ ಕೆಫೆಗೆ ಒಯ್ಯುವಂತೆಯೂ ಇರಲಿಲ್ಲ.

ಗುರುವಾರ ಬಸ್ಸಿನಲ್ಲಿ ನಾಲ್ಕು ತಾಸು ಕೂತು ಅವಳು ಅಂಗಡಿಗೆ ಬಂದಾಗ ಮೋಹನದಾಸ ಚಹಾ ಕುಡಿಯುತ್ತಿದ್ದ. ಕುಂದಾಪುರದ ಹೋಟೆಲಿನವರ ಮನೆಯವನು, ಮಾತು ಬಲು ಮೃದು.

“ಇಷ್ಟು ದೂರ ಎಂತಕ್ಕೆ ಬಂದ್ರಿ ಟೀಚರ್?”

“ಸಿ.ಡಿ. ಕೊಡ್ರಿ.”

“ಅದು ವಿಂಡೋಸಿಂದು ಮಾರಾಯ್ರೆ. ನಿಮಗೆ ಉಪಯೋಗ ಇಲ್ಲ ಅಂತ ನಾನೇ ತೆಗೆದೆ. ಒಂದು ಕೆಲಸ ಮಾಡುವ, ನಿಮ್ಮ ಕಂಪ್ಯೂಟರಿಗೆ ವಿಂಡೋಸ್ ಹಾಕಿ ಕೊಡ್ತೇನೆ. ಫ್ರೀ.”

“ಕದ್ದದ್ದು?”

“ಎಲ್ಲರೂ ಹಾಕುದು ಅದನ್ನೇ ಅಲ್ವಾ?”

ಊರ್ಮಿಳಾ ಅವನು ಬರೆದುಕೊಟ್ಟ ಕಾಗದವನ್ನು ಚಹಾದ ಲೋಟದ ಪಕ್ಕಕ್ಕೆ ಬಡಿದಳು. ಚಹಾ ಚೆಲ್ಲಿತು. “ನಡೀತದ ಅಂತ ಸಹಿ ಹಾಕಿದವ್ರು ಯಾರು? ನನ್ನ ಡಬ್ಬಿ ಒಡದು, ನನ್ನ ಸಾಮಾನು ತಗದು, ನನಗ ಬೇಕಿಲ್ಲ ಅಂತ ಹೇಳಾಕ ನೀವ್ಯಾರ್ರಿ? ಸಿ.ಡಿ. ಎಲ್ಲೈತಿ?”

ಮೋಹನದಾಸ ಲೋಟವನ್ನು ಅತ್ತ ಸರಿಸಿದ. “ನನ್ನ ಪಾರ್ಟ್ನರಿಂದು ದ್ರಾಕ್ಷಿ ತೋಟ ಉಂಟು. ಹಕ್ಕಿ ಹೆದರಿಸ್ಲಿಕ್ಕೆ ಒಂದು ಚೀಲ ಸಿ.ಡಿ. ಕೊಟ್ಟಿದ್ದೆ. ಅದರಲ್ಲಿ ಹೋಯ್ತು ಕಾಣ್ತದೆ.”

“ಯಾವ ಊರಾಗ?”

“ನಿಫಾಡಲ್ಲೇ. ನಿಮ್ಮ ಶಾಲೆ ಹಿಂದೆ, ಕಾಲುವೆ ದಾಟಿದ್ರೆ.”

ಅವಳು ಮೇಜಿನ ಮೇಲಿದ್ದ ಅವನ ಮೊಬೈಲನ್ನು ಅವನ ಕಡೆಗೇ ತಳ್ಳಿದಳು. “ಪಾರ್ಟ್ನರ್‌ಗೆ ಫೋನ್ ಹಚ್ರಿ. ಈಗ, ನನ್ನ ಮುಂದ. ಟೀಚರ್ ಸಂಜೀಕ ಬರ್ತಾರ, ಯಾರೂ ತಡೀಬಾರದು ಅಂತ ಹೇಳ್ರಿ.”

ಅವನು ಹೇಳಿದ.

ಅವಳು ತೋಟ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಬಳ್ಳಿಯ ಸಾಲಿನುದ್ದಕ್ಕೂ ದಾರದಲ್ಲಿ ಕಟ್ಟಿದ ಸಿ.ಡಿ.ಗಳು ತಿರುಗುತ್ತ ಕಣ್ಣು ಕುಕ್ಕುತ್ತಿದ್ದವು. ಗೊಂಚಲು ಕೊಯ್ಯುತ್ತಿದ್ದ ಸಾವಿತ್ರಿಬಾಯಿ ಅವಳನ್ನು ಗುರುತಿಸಿದಳು; ಈಕೆಯ ಮಗಳ ಅರ್ಜಿಯೂ ಆ ನಲವತ್ತೊಂದರಲ್ಲಿತ್ತು. ಊರ್ಮಿಳಾ ಮರಾಠಿಯಲ್ಲಿ ವಿಷಯ ಹೇಳಿದಾಗ ಸಾವಿತ್ರಿಬಾಯಿ ಕತ್ತರಿಯನ್ನು ದಾರಕ್ಕೆ ಹಾಕಿದಳು. ಉಳಿದ ಹೆಂಗಸರೂ ಬಂದರು. ಮದುವೆಯ ವಿಡಿಯೋ, ಸಿನಿಮಾ ಹಾಡು, ಯಾರದೋ ಪರೀಕ್ಷೆಯ ಪಾಠ ಎಲ್ಲ ಸಿಕ್ಕವು. ಸ್ಕ್ಯಾನರ್ ಕಂಪನಿಯ ಗುರುತಿದ್ದವು ನಾಲ್ಕು. ಧೂಳು, ಗೀರು, ಔಷಧಿ ಸಿಂಪಡಿಸಿದ ನೀಲಿ ಕಲೆ.

ಶುಕ್ರವಾರ ಬೆಳಿಗ್ಗೆ ಸೋಪಿನ ನೀರಲ್ಲಿ ತೊಳೆದು ಒಂದೊಂದಾಗಿ ಹಾಕಿದಳು. ಮೊದಲನೆಯದು ಓದಲೇ ಇಲ್ಲ. ಎರಡನೆಯದು ಪ್ರಿಂಟರಿನದು. ಮೂರನೆಯದರಲ್ಲಿ ಆ ಫೈಲ್ ಇತ್ತು, ಒಂದು ಫೋಟೋದಷ್ಟೂ ದೊಡ್ಡದಲ್ಲ. ನಕಲು ಮಾಡಿ ಕಂಪ್ಯೂಟರಿನಲ್ಲಿ ಅದಿರಬೇಕಾದ ಜಾಗದಲ್ಲಿಟ್ಟಳು. ಸ್ಕ್ಯಾನರ್ ಗುರ್ ಎಂದಿತು, ದೀಪ ಹತ್ತಿ ಗಾಜಿನ ಕೆಳಗೆ ಸರಿಯಿತು, ಪರದೆಯ ಮೇಲೆ ಎರಡು ಜಡೆಯ ಹುಡುಗಿಯ ಮುಖ ಮೂಡಿತು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಸ್ಕ್ಯಾನರ್ ಬಂದಾಗಿನಿಂದ ಹನ್ನೆರಡು ದಿನ ಇಷ್ಟಕ್ಕಾಗಿ ಹೋಗಿದ್ದವು. ಸಿಟ್ಟು ಇಳಿಯದೆಯೇ ಅವಳು ಊಟ ಬಿಟ್ಟು ಕೂತು ಕೆಲಸ ಮಾಡಿದಳು. ಶನಿವಾರ ನಾಲ್ಕು ಗಂಟೆಗೆ ಕೊನೆಯ ಅರ್ಜಿಯೂ ಹೋಯಿತು.

ಸೋಮವಾರ ಮೋಹನದಾಸನ ಕಡೆಯಿಂದ ಒಂದು ಕಾಗದ ಬಂತು: ‘ನಮ್ಮ ತಂತ್ರಜ್ಞರು ಸ್ಕ್ಯಾನರನ್ನು ಲಿನಕ್ಸ್‌ಗೆ ಜೋಡಿಸಿ ನಡೆಸಿ ತೋರಿಸಿದ್ದಾರೆ.’ ಕೆಳಗೆ ಶಾಲೆಯವರ ಸಹಿಗೆ ಜಾಗ.

“ಕೆಲಸ ಆಯಿತಲ್ಲ, ಹಾಕಿಬಿಡಿ ಮೇಡಂ,” ಎಂದರು ಹೆಡ್‌ಮಾಸ್ತರರು ಮರಾಠಿಯಲ್ಲಿ.

ಊರ್ಮಿಳಾ ‘ನಮ್ಮ ತಂತ್ರಜ್ಞರು’ ಎಂಬುದನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದಳು. ಅದರ ಮೇಲೆ ತನ್ನ ಹೆಸರು ಬರೆದಳು, ಪಕ್ಕದಲ್ಲಿ ಸಾವಿತ್ರಿಬಾಯಿಯ ಹೆಸರು, ಆಮೇಲೆ ಸಿ.ಡಿ. ಸಿಕ್ಕ ತೋಟದ ಗುರುತು.

“ಹೀಗೆ ಬರೆದರೆ ಅಂಗಡಿಯವರು ಒಪ್ಪುವುದಿಲ್ಲ.”

“ಒಪ್ಪದಿದ್ದರೆ ಇಲ್ಲಿಗೇ ಬರಲಿ ಸರ್,” ಎಂದು ಅವಳು ಪೆನ್ನಿನ ಮುಚ್ಚಳ ಹಾಕಿದಳು. “ನಾನು ಅಲ್ಲಿಗೆ ಹೋಗಿ ಬಂದಾಯಿತು.”