ಬಲದ ಹೂವು, ಎಡದ ಹೂವು

ಬೆಳಿಗ್ಗೆ ಒಂಬತ್ತು ಗಂಟೆ. ಪೂರಿಗಾಲಿಯ ಚಾವಡಿಯಲ್ಲಿ ಕೂತಿದ್ದ ಗಂಡಸರೆಲ್ಲ ಯಜಮಾನನ ಕಡೆ ತಿರುಗಿದರು.

ನಿಜಾಮುದ್ದೀನ್ ಸರ್ಕಾರ ಕಳಿಸಿದ್ದ ಪ್ರಶ್ನೆಯನ್ನು ಮತ್ತೊಮ್ಮೆ ಓದಿದ. ಯುದ್ಧಕ್ಕೆ ಕರೆ ಬಂದರೆ ಸೈನ್ಯ ಸೇರಲು ಮನಸ್ಸಿದೆಯೆ? ಬಲವಂತವಿಲ್ಲ. ಇದೆ ಅಥವಾ ಇಲ್ಲ, ಅಷ್ಟೇ. ಇದೆ ಎಂದವರು ಬರುವ ವಾರ ಮೈಸೂರಿಗೆ ಹೋಗಿ ಡಾಕ್ಟರ ಮುಂದೆ ನಿಲ್ಲಬೇಕು.

"ಸಂಜೀಕೆ ಏಳ್ತೀವಿ ಮೇಷ್ಟ್ರೇ," ಎಂದ ಮುದಿ ಯಜಮಾನ ಚಿಕ್ಕಬೋರಯ್ಯ. ಊರಮ್ಮನ ಪೂಜೆಯೂ ಅವನದೇ.

"ಸಂಜೆ ಯಾಕೆ?"

"ಅಮ್ಮನ್ತಾವ ಊವ ಕೇಳ್ಬೇಕಲ್ಲ."

ಊರಮ್ಮನ ಕಲ್ಲಿನ ಎರಡು ಭುಜಕ್ಕೂ ಒದ್ದೆ ಕಣಗಿಲೆ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಆಗಲಿ, ಎಡದ್ದಾದರೆ ಬೇಡ. ಹೆಣ್ಣು ತರುವುದು, ಎತ್ತು ಮಾರುವುದು, ಬಾವಿ ತೋಡುವುದು ಎಲ್ಲ ಹೀಗೆಯೇ ತೀರ್ಮಾನ.

"ನಾನು ಕೇಳ್ತಿರೋದು ನಿಮ್ಮನ್ನ. ಅಮ್ಮನನ್ನಲ್ಲ."

"ನಮ್ಮುನ್ನ ಯಾವತ್ತು ಯಾರ್ ಕೇಳವ್ರೆ ಬುಡಿ!"

ಹಿಂದಿನಿಂದ ಯಾರೋ ನಕ್ಕರು.

ನಿಜಾಮುದ್ದೀನ್ ಬಿ.ಎ. ಓದಿದವನು, ಮಳವಳ್ಳಿಯಲ್ಲಿ ಮೇಷ್ಟ್ರು; ಊರಿನ ಪಟ್ಟಿ ಬರೆಯುವ ಕೆಲಸವನ್ನು ಸರ್ಕಾರ ಅವನಿಗೆ ಹಚ್ಚಿತ್ತು. ಪ್ರತಿ ಮನುಷ್ಯನಿಗೂ ಸ್ವಂತ ಮನಸ್ಸೆಂಬುದೊಂದು ಇರುತ್ತದೆ ಎಂದು ನಂಬಿದವನು. ಒಬ್ಬನ ಬಾಯಿಂದಾದರೂ ಇವತ್ತು ಅದನ್ನು ಕೇಳಿಯೇ ಹೋಗುವುದೆಂದು ನಿಶ್ಚಯಿಸಿದ.

ನಿಶ್ಚಯಕ್ಕೆ ಇನ್ನೊಂದು ಕಾರಣವಿತ್ತು. ಪ್ರಶ್ನೆ ಸರ್ಕಾರಿ ನೌಕರರಿಗೂ ಇತ್ತು. ನಾಳೆ ಮಳವಳ್ಳಿಯ ತಾಲ್ಲೂಕು ಕಚೇರಿ ತೆರೆಯುವ ಹೊತ್ತಿಗೆ ಅವನ ಉತ್ತರವೂ ಅಮಲ್ದಾರರಿಗೆ ಮುಟ್ಟಬೇಕು.

"ಆಗಲ್ಲ ಅಂತ ಬರ್ದುಬಿಡು," ಎಂದಿದ್ದಳು ತಾಯಿ ಮಹಬೂಬ್ ಬೀ, ಬೆಳಿಗ್ಗೆ ಚಹಾ ಕೊಡುತ್ತಾ.

"ನೋಡ್ತೀನಿ ಅಮ್ಮೀ."

"ನೋಡೋದೇನಿದೆ? ನನಗೆ ಇನ್ಯಾರಿದ್ದಾರೆ?"

ಅವನು ಚಹಾ ಕುಡಿದ. ಹೋಗಬೇಕೆಂಬ ಆಸೆಯಿದೆಯೆ ಎಂದು ಒಳಗೆ ಹುಡುಕಿದ. ಭಯವಿದೆಯೆ ಎಂದೂ ಹುಡುಕಿದ. ಎರಡೂ ಸಿಗಲಿಲ್ಲ. ಚಹಾ ಬಿಸಿಯಾಗಿತ್ತು ಎಂಬುದು ಮಾತ್ರ ಖಾತ್ರಿಯಿತ್ತು.

ಮಧ್ಯಾಹ್ನ, ಬೆಳಿಗ್ಗೆ ಚಾವಡಿಯಲ್ಲಿ ಕೂತಿದ್ದವರಲ್ಲೊಬ್ಬನಾದ ಚಿಕ್ಕಮಾದು ಒಬ್ಬನೇ ಕಬ್ಬಿಗೆ ನೀರು ಕಟ್ಟುತ್ತಿದ್ದ. ನಿಜಾಮುದ್ದೀನ್ ಷರಾಯಿ ಮಡಿಸಿಕೊಂಡು ಕೆಸರಿಗಿಳಿದ.

"ಇಲ್ಲಿ ಯಾರೂ ಇಲ್ಲ. ನಿನ್ನ ಮನಸ್ಸಲ್ಲಿ ಏನಿದೆ ಹೇಳು."

"ಮನ್ಸಲ್ಲಿ ಏನೈತೆ ಅಂತ ಗೊತ್ತಿದ್ರೆ ಅಮ್ಮನ್ತಾವ ಯಾಕ್ ಓಯ್ತಿದ್ದೆ?"

"ಅವಳು ಹೋಗು ಅಂದ್ರೆ?"

"ಓಯ್ತೀನಿ."

"ಸತ್ತರೆ?"

"ಕಾಲ ತಗೀರಿ ಮೇಷ್ಟ್ರೇ, ನೀರು ನಿಂತೋಯ್ತು."

ಅವನು ಕಾಲು ತೆಗೆದ. ನೀರು ಹರಿಯಿತು.

ಸಂಜೆ ಗುಡಿಯ ಜಗಲಿಯ ಮೇಲೆ ಕೂತು ಒಬ್ಬೊಬ್ಬರ ಉತ್ತರವನ್ನೂ ಬರೆದುಕೊಂಡ. ಹೂವು ಬೀಳುತ್ತಿತ್ತು, ಚಿಕ್ಕಬೋರಯ್ಯ ಬಾಗಿಲಿನಿಂದ ಕೂಗಿ ಹೇಳುತ್ತಿದ್ದ. ಚಿಕ್ಕಮಾದುವಿಗೆ ಬಲದ್ದು ಬಿತ್ತು.

"ಓಗ್ಲಾ, ಮೀಸೆ ಬುಡು ಇನ್ನ! ಸಿಪಾಯಿ ಆದೆ," ಎಂದು ಪಕ್ಕದವನು ಅವನ ಬೆನ್ನಿಗೆ ಗುದ್ದಿದ.

ಚಿಕ್ಕಮಾದು ತಲೆ ಕೆರೆದುಕೊಂಡ. "ಕಬ್ಬಿಗೆ ನೀರ್ ಕಟ್ಟೋರ್ ಯಾರ್ಲಾ?" ಎಂದ. ಅವನ ಮುಖದಲ್ಲಿದ್ದ ನೆಮ್ಮದಿಯನ್ನು ಕಂಡು ನಿಜಾಮುದ್ದೀನನಿಗೆ ಸಿಟ್ಟು ಬಂತು. ಅದು ಹೊಟ್ಟೆಕಿಚ್ಚೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಮ್ದು ಏನ್ ಬರ್ಕೊಂಡ್ರಿ ಮೇಷ್ಟ್ರೇ?" ಚಿಕ್ಕಬೋರಯ್ಯ ಕೇಳಿದ.

"ಬರೀತೀನಿ."

"ಏನಂತ?"

ರಸ್ತೆಯಲ್ಲಿ, ಪೆಟ್ರೋಲ್ ಸಿಗದ ಆ ಯುದ್ಧದ ದಿನಗಳಲ್ಲಿ ಇದ್ದಿಲು ಉರಿಸಿ ಓಡುತ್ತಿದ್ದ ಮಳವಳ್ಳಿಯ ಬಸ್ಸು ಕೂಗು ಹಾಕಿತು. ಆ ದಿನಕ್ಕೆ ಅದೇ ಕೊನೆಯದು.

"ನಿಮ್ ಎಸ್ರಲ್ಲೂ ಕೇಳ್ಬುಡವಾ?"

"ಬೇಡ," ಎಂದ ನಿಜಾಮುದ್ದೀನ್ ಗಟ್ಟಿಯಾಗಿ. "ನಾನೇ ತೀರ್ಮಾನ ಮಾಡ್ತೀನಿ."

ಮುದುಕ ಅಷ್ಟರಲ್ಲಿ ಹೂವು ಅಂಟಿಸಿಯಾಗಿತ್ತು. "ಅಮ್ಮ ಜಾತಿ ಕೇಳಕಿಲ್ಲ, ಕೂತ್ಕಳಿ," ಎಂದ.

ಬಸ್ಸು ಇನ್ನೊಮ್ಮೆ ಕೂಗಿತು. ಲೇಖನಿ ತೆಗೆದು ತನ್ನ ಹೆಸರಿನ ಮುಂದೆ ಒಂದು ಮಾತು ಬರೆದು ಓಡಿದರೆ ಸಾಕಿತ್ತು. ಅವನು ಲೇಖನಿ ತೆಗೆದ. ಮೊದಲು ಒಂದು ಸಲ, ಕುತೂಹಲಕ್ಕೆಂದು, ಒಳಗೆ ನೋಡಿದ. ದೀಪದ ಬೆಳಕಿನಲ್ಲಿ ಎರಡು ಕೆಂಪು ಹೂವು, ಎರಡು ಭುಜ. ಬಲದ್ದು ಜಾರಿದಂತೆ ಕಂಡಿತು. ಎಡದ್ದೂ ಜಾರಿದಂತೆ ಕಂಡಿತು. ಅವನು ಕಣ್ಣು ಕೀಳಲಿಲ್ಲ.

ಬಸ್ಸು ಹೋಯಿತು. ಜನ ಉಣ್ಣಲು ಹೋದರು. ಚಿಕ್ಕಬೋರಯ್ಯ ದೀಪಕ್ಕೆ ಎಣ್ಣೆ ಹಾಕಿ, "ಅಮ್ಮನ್ಗೂ ತಿಳೀದು ಅಂತ ಕಾಣ್ತದೆ," ಎಂದು ತಾನೂ ಎದ್ದ.

ರಾತ್ರಿಯೆಲ್ಲ ಹೂವು ಬೀಳಲಿಲ್ಲ, ಅವನ ಹೆಸರಿನ ಮುಂದೆ ಒಂದಕ್ಷರವೂ ಬೀಳಲಿಲ್ಲ.

ಬೆಳಿಗ್ಗೆ ಚಿಕ್ಕಬೋರಯ್ಯ ಬಂದು ಎಂದಿನಂತೆ ಕಲ್ಲಿನ ಮೇಲೆ ಒಂದು ಬಿಂದಿಗೆ ನೀರು ಹೊಯ್ದ. ಎರಡು ಹೂವೂ ಒಟ್ಟಿಗೆ ಕೊಚ್ಚಿಹೋಗಿ, ಜಗಲಿಯಲ್ಲಿ ಇನ್ನೂ ಕೂತಿದ್ದ ನಿಜಾಮುದ್ದೀನನ ಕಾಲಬಳಿಯ ಮೋರಿಗೆ ಬಿದ್ದವು.